ಮೂವತ್ತೊಂದನೆಯ ಜಾಕೆಟ್

ನಾನು ದೋಣಿ ನಡೆಸುವವಳಲ್ಲ, ಟಿಕೆಟ್ ಹರಿಯುವವಳೂ ಅಲ್ಲ.
ಪಟ್ಟಿ ಬಿಗಿಯುವವಳು.
ಕೋಡಿಬಾಗದ ದಕ್ಕೆಯಲ್ಲಿ ಬೆಳಿಗ್ಗೆ ಎಂಟರಿಂದ ನಿಂತು
ಯಾರ ಹೊಟ್ಟೆಗೆ ಎಷ್ಟು ಸುತ್ತು
ದೂರದಿಂದಲೇ ಹೇಳಬಲ್ಲೆ.
ಹೊಸ ಮದುಮಗಳ ಕರಿಮಣಿ ಬಕಲ್ಲಿಗೆ ಸಿಗದಂತೆ
ಅಜ್ಜಂದಿರ ಶಿವದಾರ ಜಗ್ಗದಂತೆ
ಬಿಗಿದು, ಬೆನ್ನಿಗೆ ಎರಡು ಸಲ ತಟ್ಟಿ,
ಹೂಂ, ನಡೀರಿ.

ಬುದವಂತ ದುರ್ಗೇಕರ ಮೈಕು ಹಿಡಿದನೆಂದರೆ
ಮಾತು ಎಂಜಿನ್ನಿಗಿಂತ ಮುಂದೆ:
ಬಲಕ್ಕೆ ಸದಾಶಿವಗಡ, ನೋಡಿ
ಹಿಂದೆ ಕಾಳಿಯ ಹಳೆ ಸೇತುವೆ ಬಿದ್ದ ಜಾಗ
(ಏನೂ ಇಲ್ಲದ ಜಾಗಕ್ಕೂ ಮೊಬೈಲು ಎತ್ತುತ್ತಾರೆ)
ಮುಂದೆ ಕೂರ್ಮಗಡ, ಬಿಸಿಲಿಗೆ ಬೆನ್ನು ಕೊಟ್ಟ ಆಮೆ
ಡಾಲ್ಫಿನ್ ಕಂಡರೆ ನಿಮ್ಮ ಪುಣ್ಯ
ಕಾಣದಿದ್ದರೆ ನಮ್ಮ ಡೀಸೆಲ್ಲು.

ದಕ್ಷಿಣಕ್ಕೆ ತಿರುಗಿದಾಗ ಮಾತ್ರ
ಮೈಕಿಗೆ ಏನೋ ಆಗುತ್ತದೆ.
ಅಲ್ಲಿ ನೌಕಾಪಡೆಯ ಗೋಡೆ.
ಅವನ ಅವ್ವ ಬೆಳಚು ಆರಿಸುತ್ತಿದ್ದ ದಡ
ಆ ಗೋಡೆಯ ಆಚೆ ಎಲ್ಲೋ ಇದೆ,
ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿಲ್ಲ.

ಡಿಸೆಂಬರ್ ಬಂದರೆ ಶಾಲೆಗಳ ಪ್ರವಾಸ.
ಮುರ್ಡೇಶ್ವರ ಮುಗಿಸಿ, ಗೋಕರ್ಣ ಮುಗಿಸಿ,
ಚುರುಮುರಿ ಪೊಟ್ಟಣ, ವಾಂತಿಯ ಕವರು, ಹಾಡು ಹಾಡಿ ಒಡೆದ ಗಂಟಲು
ಎಲ್ಲ ಹೊತ್ತು ಬಂತು ಮೋಟೆಬೆನ್ನೂರಿನ ಬಸ್ಸು.
ನಲವತ್ತೆರಡು ಮಕ್ಕಳು. ಹೊಂಬಳ ಮಾಸ್ತರರು
ಇಳಿಸಿ ಎಣಿಸಿದರು, ಸಾಲಿಗೆ ನಿಲ್ಲಿಸಿ ಎಣಿಸಿದರು,
ಸಮುದ್ರ ಕಂಡೊಡನೆ ಮತ್ತೆ ಎಣಿಸಿದರು.

ಫಕ್ಕೀರೇಶ ಅಂತ ಒಬ್ಬ.
ಎದೆಯೆಂಬುದು ನನ್ನ ಎರಡು ಅಂಗೈ ಅಗಲ,
ಎಷ್ಟು ಬಿಗಿದರೂ ಪಟ್ಟಿ ಉಳಿಯಿತು.
"ಅಕ್ಕಾರ, ಇದನ್ನ ಹಾಕ್ಕೊಂಡ್ರ ಮುಳಗಂಗಿಲ್ಲೇನ್ರಿ?"
ಇಲ್ಲ ಮರಿ.
"ಎಲ್ಲೂ?"
ಸಾಲು ಉದ್ದ ಇತ್ತು. ಎಲ್ಲೂ, ಅಂದೆ.

ಸಂಜೆ ಎಣಿಸಿದರೆ ಮಕ್ಕಳ ಲೆಕ್ಕ ಸರಿ,
ಜಾಕೆಟ್ಟಿನದು ತಪ್ಪು. ಮೂವತ್ತೊಂದು ಇಲ್ಲ.
ಬಸ್ಸು ಆಗಲೇ ಅರಬೈಲು ಘಟ್ಟ ಹತ್ತಿರಬೇಕು,
ಒಳಗೆಲ್ಲೋ ಕಿಟಕಿಗೆ ತಲೆಯಿಟ್ಟು
ಕಿತ್ತಳೆ ಬಣ್ಣದ ಹುಡುಗನೊಬ್ಬ
ನಿದ್ದೆಯಲ್ಲಿ ಮುಳುಗದೆ ಹೋಗುತ್ತಿದ್ದ.
ಮಾಲಕ ರೇವಣಕರ ನನ್ನ ಪಗಾರದಲ್ಲಿ
ಒಂಬೈನೂರು ಮುರಿದುಕೊಂಡ. ನಗಲಿಲ್ಲ.

ಇಪ್ಪತ್ತು ದಿನಕ್ಕೆ ಹಾವೇರಿ ಕಡೆಯ ಕಂಡಕ್ಟರೊಬ್ಬ
ಗೊಬ್ಬರದ ಚೀಲದ ಗಂಟೊಂದನ್ನು ದಕ್ಕೆಗೆ ತಂದ.
ಮೇಲೆ ವಿಳಾಸ:
ಪಟ್ಟಿ ಕಟ್ಟು ಅಕ್ಕಾರಿಗೆ, ಸಮುದ್ರ, ಕಾರವಾರ.
ಒಳಗೆ ಮೂವತ್ತೊಂದು. ನೋಟುಬುಕ್ಕಿನ ಅರ್ಧ ಹಾಳೆ:
"ನೀವು ಹೇಳಿದ್ದು ಖರೆ ಐತ್ರಿ.
ನಮ್ಮ ಹೊಲದ ಹೊಂಡದಾಗ ನೋಡೇನಿ. ಕೆರಿಯಾಗ ನೋಡೇನಿ.
ಸಿದ್ದಪ್ಪ ಕಾಕಾನ ಬಾವ್ಯಾಗ ನೋಡಾಕ ಅಪ್ಪ ಬಿಡಲಿಲ್ಲ.
ಹೊಡದಾನ. ತಪ್ಪಾತ್ರಿ."

ಕೈಕಾಲು ತಣ್ಣಗಾಯಿತು.
ಎಲ್ಲೂ, ಅಂದಿದ್ದೆನಲ್ಲ.
ಅಪ್ಪನೆಂಬ ಆ ಕಾಣದ ಮನುಷ್ಯನ
ಕೈ ಹಿಡಿದುಕೊಳ್ಳಬೇಕು ಅನಿಸಿತು, ಹೊಡೆದ ಕೈಯನ್ನೇ.

ಈಗ ಯಾರೇ ಕೇಳಲಿ, ನಿಧಾನ ಹೇಳುತ್ತೇನೆ:
ಇಲ್ಲಿ, ಈ ದೋಣಿಯಲ್ಲಿ, ಬುದವಂತ ಇದ್ದಾಗ.
ಸಾಲು ಎಷ್ಟೇ ಉದ್ದ ಇರಲಿ.

ಜಾಕೆಟ್ಟಿನ ಹೊಲಿಗೆಸಂದಿಯಲ್ಲಿ ಮೆಣಸಿನಕಾಯಿಯ ಕೆಂಪು ಪುಡಿ.
ಕಣದಲ್ಲಿ ಒಣಹಾಕಿದ್ದರೋ, ರಾಶಿಯ ಮೇಲೆ ಮಲಗಿದ್ದನೋ.
ಎರಡು ಸಲ ಉಪ್ಪುನೀರಲ್ಲಿ ಜಾಲಿಸಿದೆ, ಹೋಗಲಿಲ್ಲ.
ಬಯಲುಸೀಮೆಯನ್ನು ನಾನು ಕಂಡವಳಲ್ಲ.
ಆದಿತ್ಯವಾರದ ಗದ್ದಲದಲ್ಲೂ ಒಮ್ಮೊಮ್ಮೆ
ಮೂವತ್ತೊಂದಕ್ಕೆ ಮೂಗು ಒತ್ತಿ
ಬ್ಯಾಡಗಿಗೆ ಹೋಗಿಬರುತ್ತೇನೆ. ಟಿಕೆಟ್ ಇಲ್ಲ.

ಮೊನ್ನೆ ಅದನ್ನು ಪುಣೆಯ ಸಾಹೇಬರೊಬ್ಬರಿಗೆ ಬಿಗಿದೆ.
ಕೂರ್ಮಗಡದ ಹತ್ತಿರ, ಬುದವಂತ ಹೇಳುತ್ತಿದ್ದ,
ಎಡಕ್ಕೆ ಮೂರು ಡಾಲ್ಫಿನ್ ಒಟ್ಟಿಗೆ ಎದ್ದವಂತೆ,
ದೋಣಿಗೆ ದೋಣಿಯೇ ಕೂಗಿತಂತೆ.
ಆ ಮನುಷ್ಯ ಮಾತ್ರ
ಕಣ್ಣು ಮುಚ್ಚಿ
ಸೀನುತ್ತಿದ್ದನಂತೆ.